ಸೂತ್ರಕ್ಕೆ ಮೊದಲು ಬಲ್ಬು ಉರಿಯಲಿ

ನಮ್ಮ ದಿನನಿತ್ಯದ ಮಾತಿನಲ್ಲಿ 'ಕರೆಂಟು' ಎಂಬ ಪದದಷ್ಟು ದುಡಿಯುವ ಪದ ಮತ್ತೊಂದು ಇರಲಾರದು. ಸಂಜೆ ದೀಪ ಆರಿದರೆ 'ಕರೆಂಟು ಹೋಯಿತು' ಎನ್ನುತ್ತೇವೆ. ಅಂಬೆಗಾಲಿಡುವ ಮಗು ಗೋಡೆಯ ಪ್ಲಗ್ಗಿನ ತೂತಿಗೆ ಬೆರಳು ಹಾಕಲು ಹೋದರೆ 'ಮುಟ್ಟಬೇಡ, ಕರೆಂಟು ಇದೆ' ಎಂದು ಗದರುತ್ತೇವೆ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದವನಿಗೆ 'ಕರೆಂಟು ಹೊಡೆಯಿತು'. ತಿಂಗಳಿಗೊಮ್ಮೆ ಮನೆಗೆ ಬರುವುದು 'ಕರೆಂಟು ಬಿಲ್ಲು'. ಈ ನಾಲ್ಕರಲ್ಲಿ ಭೌತಶಾಸ್ತ್ರದ ಅರ್ಥದಲ್ಲಿ ಕರೆಂಟು ಎನ್ನಬಹುದಾದದ್ದು ಮೂರನೆಯದು ಮಾತ್ರ. ದೀಪ ಆರಿದಾಗ ಮೊದಲು ಹೋದದ್ದು ವೋಲ್ಟೇಜು. ಅದು ಹೋದ ಕಾರಣ ಕರೆಂಟು ನಿಂತಿತು. ಖಾಲಿ ಪ್ಲಗ್ಗಿನಲ್ಲಿ ವೋಲ್ಟೇಜು ಇದೆ, ಕರೆಂಟು ಹರಿಯುತ್ತಿಲ್ಲ. ಬಿಲ್ಲು ಬರುವುದು ನಾವು ಬಳಸಿದ ಶಕ್ತಿಗೆ.

ಓದುಗ ಮಿತ್ರರೇ, ಇದನ್ನು ನಾನು ಜನರ ಭಾಷೆಯ ದೋಷವೆಂದು ಹೇಳುತ್ತಿಲ್ಲ. ವ್ಯವಹಾರಕ್ಕೆ ಒಂದು ಪದ ಸಾಕಾದಲ್ಲಿ ಜನ ಮೂರು ಪದಗಳನ್ನು ಹೊತ್ತು ತಿರುಗುವುದಿಲ್ಲ. ತೊಡಕು ಹುಟ್ಟುವುದು ಪ್ರೌಢಶಾಲೆಯ ತರಗತಿಯಲ್ಲಿ. ಅಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಎಂಬ ಮೂರು ಹೊಸ ಪದಗಳು ಒಂದೇ ವಾರದಲ್ಲಿ ಮಗುವಿನ ಮುಂದೆ ಬಂದು ನಿಲ್ಲುತ್ತವೆ. ಮಗುವಿನ ಮನಸ್ಸಿನಲ್ಲಾದರೋ ಇರುವುದು 'ಕರೆಂಟು' ಎಂಬ ಒಂದೇ ಖಾನೆ. ಮೂರು ಪದಗಳೂ ಆ ಒಂದೇ ಖಾನೆಗೆ ಬಿದ್ದು ಕಲಸಿಹೋಗುತ್ತವೆ. ಅದರ ಮೇಲೆ ನಾವು V = IR ಎಂಬ ಮುದ್ರೆಯನ್ನು ಒತ್ತಿ ಪಾಠ ಮುಗಿಯಿತೆಂದು ಭಾವಿಸುತ್ತೇವೆ.

ಮೂರು ದಶಕಗಳಿಗೂ ಮಿಕ್ಕಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಬೋಧಿಸಿದ ಅನುಭವದಿಂದ ನನ್ನಲ್ಲಿ ಬೇರೂರಿರುವ ಒಂದು ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ವಿದ್ಯುತ್ತಿನ ಪಾಠದಲ್ಲಿ ಅಧ್ಯಾಪಕನ ಮುಖ್ಯ ಕೆಲಸ ಸೂತ್ರವನ್ನು ಕಲಿಸುವುದಲ್ಲ. 'ಕರೆಂಟು' ಎಂಬ ಆ ಒಂದು ಖಾನೆಯನ್ನು ಮೂರು ಖಾನೆಗಳಾಗಿ ಬೇರ್ಪಡಿಸಿ ಕೊಡುವುದು. ಅಷ್ಟಾದರೆ ಸೂತ್ರ ತಾನಾಗಿಯೇ ಕೂಡಿಕೊಳ್ಳುತ್ತದೆ. ಅಷ್ಟಾಗದಿದ್ದರೆ ಹುಡುಗ ಲೆಕ್ಕ ಮಾಡುತ್ತಾನೆ, ಅಂಕವನ್ನೂ ಪಡೆಯುತ್ತಾನೆ, ವಿದ್ಯುತ್ತನ್ನು ಮಾತ್ರ ಅರಿಯುವುದಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬಾರದು ಎಂಬ ಗಾದೆ ಈ ಪಾಠಕ್ಕೆ ಒಪ್ಪುವಷ್ಟು ಬೇರೆ ಯಾವ ಪಾಠಕ್ಕೂ ಒಪ್ಪದು.

ಮೊದಲಿಗೆ ಪದಗಳ ವಿಷಯ. 'ಪ್ರವಾಹ' ಎಂದರೆ ನಮ್ಮ ಮಕ್ಕಳಿಗೆ ಗೊತ್ತಿರುವುದು ಮಳೆಗಾಲದಲ್ಲಿ ಹೊಳೆಗೆ ಬರುವ ನೆರೆ. ನೆರೆ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗಿಬಿಡುತ್ತದೆ, ಹೊರಟಲ್ಲಿಗೆ ಹಿಂದಿರುಗುವುದಿಲ್ಲ. 'ವಿಭವ' ಎಂದರೆ ಐಶ್ವರ್ಯ, ವೈಭವ ಎಂದು ಕನ್ನಡ ಪಂಡಿತರು ಪಕ್ಕದ ಕೊಠಡಿಯಲ್ಲಿ ಅರ್ಥ ಹೇಳಿಕೊಟ್ಟಿರುತ್ತಾರೆ. 'ರೋಧ' ಎಂದರೆ ತಡೆ, ಅಂದರೆ ನಿಲ್ಲಿಸಿಬಿಡುವುದು. ಈ ಪದಗಳನ್ನು ಬದಲಿಸಬೇಕೆಂದು ನಾನು ಹೇಳಲಾರೆ. ಪಾರಿಭಾಷಿಕ ಪದಗಳು ಬಳಕೆಯಿಂದಲೇ ಬೆಳೆಯಬೇಕು. ಆದರೆ ಪದ ಮೊದಲು ಬಂದು ವಸ್ತು ಆಮೇಲೆ ಬಂದರೆ ಮಗು ಪದದ ಹಳೆಯ ಅರ್ಥವನ್ನೇ ಹಿಡಿದುಕೊಂಡು ಕೂರುತ್ತದೆ. ವಸ್ತು ಮೊದಲು ಬಂದರೆ ಪದ ಅದಕ್ಕೊಂದು ಹೆಸರಾಗಿ ಅಂಟಿಕೊಳ್ಳುತ್ತದೆ.

ಇಲ್ಲಿ ಚರಿತ್ರೆಯನ್ನು ಸ್ವಲ್ಪ ನೆನೆಯುವುದು ಒಳ್ಳೆಯದು. ಇಟಲಿಯ ವೋಲ್ಟಾ ತನ್ನ ವಿದ್ಯುತ್ಕೋಶದ ಸುದ್ದಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದು 1800ರಲ್ಲಿ. ಜರ್ಮನಿಯ ಗಿಯೋರ್ಗ್ ಸೈಮನ್ ಓಮ್ ತನ್ನ ನಿಯಮವನ್ನು ಗಣಿತಬದ್ಧವಾಗಿ ಪ್ರಕಟಿಸಿದ್ದು 1827ರಲ್ಲಿ. ನಡುವಿನ ಇಪ್ಪತ್ತೇಳು ವರ್ಷ ಯುರೋಪಿನ ಮೇಧಾವಿಗಳ ಬಳಿ ಕೋಶವೂ ಇತ್ತು, ತಂತಿಯೂ ಇತ್ತು. ತಳ್ಳುವುದು ಯಾವುದು, ಹರಿಯುವುದು ಯಾವುದು, ತಡೆಯುವುದು ಯಾವುದು ಎಂಬುದನ್ನು ಸ್ಪಷ್ಟವಾಗಿ ಬೇರ್ಪಡಿಸಿ ಅಳೆಯಲು ಅವರಿಗೆ ಅಷ್ಟು ಕಾಲ ಬೇಕಾಯಿತು. ಅದನ್ನು ನಾವು ಹದಿನೈದು ವರ್ಷದ ಹುಡುಗ ಹುಡುಗಿಯರು ನಲವತ್ತೈದು ನಿಮಿಷದ ಒಂದು ಪಿರಿಯಡ್ಡಿನಲ್ಲಿ, ಮೂರು ವ್ಯಾಖ್ಯೆಗಳ ಬಲದಿಂದ ಮಾಡಿ ಮುಗಿಸಬೇಕೆಂದು ಬಯಸುತ್ತೇವೆ.

ಓಮ್ ನಮ್ಮವನೇ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಆತ ಬೀಗ ಮಾಡುವವನ ಮಗ. 1817ರಿಂದ ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಶಾಲೆಯ ಉಪಕರಣಗಳೇ ಅವನ ಪ್ರಯೋಗಗಳಿಗೆ ಆಸರೆ. ಅಂದಿನ ಕೋಶಗಳ ಬಲ ನಿಮಿಷ ನಿಮಿಷಕ್ಕೂ ಏರುಪೇರಾಗುತ್ತಿತ್ತು. ಆದುದರಿಂದ ಅವನು ಬಿಸ್ಮತ್ ಮತ್ತು ತಾಮ್ರಗಳ ಸಂಧಿಯಲ್ಲಿ ಒಂದನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜಿನಲ್ಲಿ ಇರಿಸಿ ಸ್ಥಿರವಾದ ಮೂಲವೊಂದನ್ನು ಪಡೆದ. ಬಳಿಕ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದ ಮೇಲೊಂದರಂತೆ ಜೋಡಿಸಿ, ಪಕ್ಕದ ಕಾಂತಸೂಜಿ ಎಷ್ಟು ತಿರುಗುತ್ತದೆ ಎಂದು ಅಳೆದ. ಸೂತ್ರ ಬಂದದ್ದು ಕೊನೆಯಲ್ಲಿ. ಆರಂಭದಲ್ಲಿ ಅವನ ಪುಸ್ತಕಕ್ಕೆ ದೊರೆತದ್ದು ತಣ್ಣನೆಯ ಸ್ವಾಗತ. ರಾಯಲ್ ಸೊಸೈಟಿಯ ಕಾಪ್ಲಿ ಪದಕ ಬಂದದ್ದು 1841ರಲ್ಲಿ. ಮೇಷ್ಟ್ರಾಗಿದ್ದ ಓಮ್ ನಡೆದ ದಾರಿ ತಂತಿಯಿಂದ ಸೂತ್ರದ ಕಡೆಗೆ. ಅವನ ಹೆಸರಿನ ಪಾಠವನ್ನು ಸೂತ್ರದಿಂದ ತಂತಿಯ ಕಡೆಗೆ, ಅದೂ ಸಮಯವಿದ್ದರೆ, ಎಂದು ನಾವು ತಿರುಗಿಸಿಕೊಂಡಿದ್ದೇವೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಒಂದು ಟಾರ್ಚಿನ ಸೆಲ್ಲು, ಒಂದು ಚಿಕ್ಕ ಬಲ್ಬು, ಒಂದೇ ಒಂದು ತಂತಿಯ ತುಂಡು. ಹೋಲ್ಡರೂ ಬೇಡ, ಸ್ವಿಚ್ಚೂ ಬೇಡ. 'ಬಲ್ಬು ಉರಿಸಿ ತೋರಿಸಿ' ಎಂದು ಹೇಳಿ ಅಧ್ಯಾಪಕರು ಸುಮ್ಮನೆ ನಿಲ್ಲಬೇಕು. ಹತ್ತನೆಯ ತರಗತಿಯ ಮಕ್ಕಳಿಗೂ ಇದು ಸಲೀಸಲ್ಲ. ಹಲವರು ಸೆಲ್ಲಿನ ತಲೆಗೆ ತಂತಿ ಮುಟ್ಟಿಸಿ, ತಂತಿಯ ಇನ್ನೊಂದು ತುದಿಗೆ ಬಲ್ಬಿನ ತುದಿಯನ್ನು ಮುಟ್ಟಿಸಿ ಕಾಯುತ್ತಾರೆ. ಕರೆಂಟು ಸೆಲ್ಲಿನಿಂದ ಬಲ್ಬಿಗೆ 'ಬರುತ್ತದೆ' ಎಂದಷ್ಟೇ ಅವರ ಭಾವನೆ. ಮನೆಯಲ್ಲಿ ಕಾಣುವುದೂ ಹಾಗೆಯೇ ಅಲ್ಲವೇ? ಗೋಡೆಯಿಂದ ಮಿಕ್ಸಿಗೆ ಬರುವುದು ಒಂದೇ ವೈರು. ಅದರೊಳಗೆ ಎರಡು ಮೂರು ತಂತಿಗಳಿರುವುದು ಕಣ್ಣಿಗೆ ಬೀಳುವುದಿಲ್ಲ. ಬಲ್ಬಿನ ತುದಿಯೊಂದು ಕಡೆ, ಅದರ ಲೋಹದ ಪಕ್ಕದ ಭಾಗ ಇನ್ನೊಂದು ಕಡೆ, ಹೀಗೆ ಎರಡು ಬಾಗಿಲುಗಳಿವೆಯೆಂದು ಯಾರೋ ಒಬ್ಬಳು ಕಂಡುಹಿಡಿದಾಗ ತರಗತಿಯಲ್ಲಿ ಏಳುವ ಗುಲ್ಲು ಕೇಳಬೇಕು. 'ವಿದ್ಯುತ್ ಮಂಡಲ' ಎಂಬ ಪದವನ್ನು ಹಲಗೆಯ ಮೇಲೆ ಬರೆಯಬೇಕಾದ ಗಳಿಗೆ ಅದು. ಹೊರಟಲ್ಲಿಗೇ ಹಿಂದಿರುಗುವ ದಾರಿಯೇ ಮಂಡಲ.

ನಮ್ಮ ಮಕ್ಕಳು ಮಾತ್ರ ಹೀಗೆ ಎಡವುತ್ತಾರೆಂದು ಯಾರೂ ತಿಳಿಯಬೇಕಿಲ್ಲ. ಅಮೆರಿಕೆಯಲ್ಲಿ 1997ರಲ್ಲಿ ತಯಾರಾದ 'ಮೈಂಡ್ಸ್ ಆಫ್ ಅವರ್ ಓನ್' ಎಂಬ ಸಾಕ್ಷ್ಯಚಿತ್ರದಲ್ಲಿ, ಎಂ.ಐ.ಟಿ.ಯಂತಹ ಜಗದ್ವಿಖ್ಯಾತ ಸಂಸ್ಥೆಯಿಂದ ಆಗತಾನೆ ಪದವಿ ಪಡೆದು ಗೌನು ಧರಿಸಿ ನಿಂತವರ ಕೈಗೆ ಸೆಲ್ಲು, ತಂತಿ, ಬಲ್ಬುಗಳನ್ನು ಕೊಟ್ಟು ಇದೇ ಪ್ರಶ್ನೆ ಕೇಳಲಾಯಿತು. ಅವರಲ್ಲೂ ತಡಕಾಡಿದವರಿದ್ದರು. ದೊಡ್ಡ ಸಮೀಕರಣಗಳನ್ನು ಬಿಡಿಸಬಲ್ಲವರು ಚಿಕ್ಕ ಬಲ್ಬಿನ ಮುಂದೆ ಸೋತರು. ಕಲಿಕೆ ಎಲ್ಲಿ ಕೈತಪ್ಪಿತೆಂದು ಹೇಳಲು ಇದಕ್ಕಿಂತ ಸಾಕ್ಷಿ ಬೇಕೇ?

ಎರಡನೆಯ ಪಾಠ ಅಮ್ಮೀಟರಿನದು. ಬಲ್ಬು ಉರಿಯುತ್ತಿರುವ ಮಂಡಲವನ್ನು ಮೇಜಿನ ಮೇಲಿಟ್ಟು, ಅಳೆಯುವುದಕ್ಕೆ ಮೊದಲು ಒಂದು ಪ್ರಶ್ನೆ ಕೇಳಬೇಕು: ಬಲ್ಬಿಗೆ ಹೋಗುವ ಮೊದಲು ಇರುವ ಕರೆಂಟು ಹೆಚ್ಚೋ, ಬಲ್ಬನ್ನು ದಾಟಿ ಹಿಂದಿರುಗುವ ಕರೆಂಟು ಹೆಚ್ಚೋ, ಅಥವಾ ಎರಡೂ ಸಮವೋ? ಕೈ ಎತ್ತಿಸಿ, ಎಣಿಸಿ, ಹಲಗೆಯ ಮೇಲೆ ಸಂಖ್ಯೆ ಬರೆಯಬೇಕು. ನಾನು ಈ ಪ್ರಶ್ನೆ ಕೇಳಿದ ತರಗತಿಗಳಲ್ಲೆಲ್ಲ ಬಹುಪಾಲು ಕೈಗಳು 'ಮೊದಲು ಹೆಚ್ಚು, ಆಮೇಲೆ ಕಡಿಮೆ' ಎಂಬುದಕ್ಕೇ ಎದ್ದಿವೆ. ಬಲ್ಬು ಉರಿಯಬೇಕಾದರೆ ಸ್ವಲ್ಪ ಕರೆಂಟನ್ನು ತಿನ್ನಲೇಬೇಕಲ್ಲ ಎಂಬುದು ಅವರ ತರ್ಕ. ತರ್ಕ ಒರಟಾದದ್ದೇನಲ್ಲ, ಒಲೆ ಸೌದೆಯನ್ನು ತಿನ್ನುತ್ತದೆ, ದೀಪ ಎಣ್ಣೆಯನ್ನು ತಿನ್ನುತ್ತದೆ. ಅನಂತರ ಎರಡೂ ಕಡೆ ಅಮ್ಮೀಟರ್ ಇಟ್ಟು ತೋರಿಸಿದರೆ ಮುಳ್ಳು ಎರಡರಲ್ಲೂ ಒಂದೇ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಹುಡುಗರು ಅಷ್ಟು ಸುಲಭವಾಗಿ ಬಿಡುವವರಲ್ಲ. 'ಮೀಟರ್ ಸರಿ ಇಲ್ಲ ಸಾರ್' ಎನ್ನುತ್ತಾರೆ. ಎರಡು ಮೀಟರುಗಳನ್ನು ಅದಲುಬದಲು ಮಾಡಿ ಮತ್ತೆ ತೋರಿಸಬೇಕು. ಮುಳ್ಳು ಅಲ್ಲೇ ನಿಲ್ಲುತ್ತದೆ.

ತಮ್ಮದೇ ಊಹೆ ಹೀಗೆ ಮುರಿದುಬಿದ್ದಾಗ ಮಕ್ಕಳ ಬಾಯಿಂದ ಸಹಜವಾಗಿ ಹೊರಡುವ ಪ್ರಶ್ನೆಯೊಂದಿದೆ: 'ಕರೆಂಟು ಖರ್ಚಾಗುವುದಿಲ್ಲವಾದರೆ ಸೆಲ್ಲು ಯಾಕೆ ಮುಗಿಯುತ್ತದೆ?' ಇಡೀ ಪಾಠದ ಬಾಗಿಲು ತೆರೆಯುವುದು ಈ ಪ್ರಶ್ನೆಯಿಂದ. ವೋಲ್ಟೇಜಿನ ಅಗತ್ಯವನ್ನು ನಾವು ಹೇಳುವ ಬದಲು ಮಕ್ಕಳೇ ಕೇಳಿದಂತಾಯಿತು.

ಇದಕ್ಕೆ ಉತ್ತರವಾಗಿ ನಾನು ಮದುವೆಮನೆಯ ಪಂಕ್ತಿಯನ್ನು ಉದಾಹರಿಸುತ್ತಿದ್ದೆ. ಅಡುಗೆಮನೆಯಿಂದ ಬಡಿಸುವವರು ಸಾರಿನ ಬಕೆಟ್ಟು ತುಂಬಿಕೊಂಡು ಹೊರಡುತ್ತಾರೆ. ಎಲೆಗಳಿಗೆ ಬಡಿಸುತ್ತ ಸಾಗಿ, ಖಾಲಿ ಬಕೆಟ್ಟಿನೊಡನೆ ಅಡುಗೆಮನೆಗೆ ಹಿಂದಿರುಗಿ, ಮತ್ತೆ ತುಂಬಿಸಿಕೊಂಡು ಬರುತ್ತಾರೆ. ನಿಮಿಷಕ್ಕೆ ಎಷ್ಟು ಜನ ಬಾಗಿಲು ದಾಟಿದರು ಎಂಬುದು ಕರೆಂಟು. ಹೊರಟವರೆಷ್ಟೋ ಹಿಂದಿರುಗಿದವರೂ ಅಷ್ಟೇ. ಊಟಕ್ಕೆ ಕುಳಿತವರು ಬಡಿಸುವವರನ್ನು ತಿನ್ನುವುದಿಲ್ಲ. ಒಬ್ಬೊಬ್ಬನ ಬಕೆಟ್ಟಿನಲ್ಲಿ ಎಷ್ಟು ಸಾರು ಎಂಬುದು ವೋಲ್ಟೇಜು. ಒಂದೂವರೆ ವೋಲ್ಟಿನ ಸೆಲ್ಲು ಎಂದರೆ ಒಂದು ಕೂಲಮ್ ಆವೇಶಕ್ಕೆ ಒಂದೂವರೆ ಜೂಲ್ ಶಕ್ತಿಯನ್ನು ಹೊರಿಸಿ ಕಳಿಸುವ ಅಡುಗೆಮನೆ. ಖರ್ಚಾಗುವುದು ಸಾರು, ಹಂಡೆಯ ಸಾರು ಮುಗಿದ ದಿನ ಸೆಲ್ಲೂ ಮುಗಿಯಿತು. ಪಂಕ್ತಿಗಳ ನಡುವಿನ ದಾರಿ ಇಕ್ಕಟ್ಟಾದಷ್ಟೂ ಬಡಿಸುವವರ ಓಡಾಟ ನಿಧಾನವಾಗುತ್ತದೆ, ಅದು ರೋಧ.

ಯಾವ ಹೋಲಿಕೆಯೂ ಪೂರ್ಣವಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಯೇ ಮುಂದೆ ಹೋಗಬೇಕು. ಬಡಿಸುವವನು ಎರಡನೆಯ ಪಂಕ್ತಿಗೂ ಉಳಿಯಲೆಂದು ಲೆಕ್ಕ ಹಾಕಿ ಬಡಿಸುತ್ತಾನೆ. ಎಲೆಕ್ಟ್ರಾನಿಗೆ ಅಂತಹ ಮುಂದಾಲೋಚನೆಯಿಲ್ಲ. ಚಾವಣಿಯ ತೊಟ್ಟಿ, ಕೊಳವೆ, ನಲ್ಲಿಗಳ ಹೋಲಿಕೆ ಪುಸ್ತಕಗಳಲ್ಲಿ ಹೆಚ್ಚು ಪ್ರಸಿದ್ಧ. ಅದು ವೋಲ್ಟೇಜನ್ನು ಎತ್ತರದೊಡನೆ ಹೋಲಿಸಲು ಚೆನ್ನ. ಆದರೆ ಕೊಳವೆ ಒಡೆದರೆ ನೀರು ಸೋರುತ್ತದೆ, ತಂತಿ ಕಡಿದರೆ ವಿದ್ಯುತ್ತು ನಿಲ್ಲುತ್ತದೆ. ಸ್ವಿಚ್ಚು ಒತ್ತಿದೊಡನೆ ಬಲ್ಬು ಹೊತ್ತಿಕೊಳ್ಳುವುದೇಕೆಂದು ತಿಳಿಸಲು ಸೈಕಲ್ಲಿನ ಚೈನೇ ಸರಿ. ಪೆಡಲು ತುಳಿದೊಡನೆ ಹಿಂದಿನ ಚಕ್ರವೂ ತಿರುಗುತ್ತದೆ. ಪೆಡಲಿನ ಬಳಿಯ ಕೊಂಡಿ ಚಕ್ರದವರೆಗೆ ತಲುಪಲೆಂದು ಯಾರೂ ಕಾಯುವುದಿಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಕರೆಂಟು ಹರಿಯುವಾಗ ಎಲೆಕ್ಟ್ರಾನುಗಳು ಸರಾಸರಿಯಲ್ಲಿ ಮುಂದೆ ಸರಿಯುವ ವೇಗ ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್. ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ ನಾಲ್ಕು ಗಂಟೆ! ಬಸವನಹುಳುವೂ ನಾಚುವ ನಡಿಗೆ. ಈ ಲೆಕ್ಕ ಹೇಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗನ್ನು ನೋಡಲೆಂದೇ ಮೇಷ್ಟ್ರಾಗಬೇಕು.

ಮೂರನೆಯ ಪಾಠ ರೋಧದ್ದು. ಉದ್ದಕ್ಕೆ ಸೀಳಿದ ಪೆನ್ಸಿಲಿನ ಸೀಸವನ್ನು ಎರಡು ಸೆಲ್ಲುಗಳ ಮಂಡಲದಲ್ಲಿ ಸೇರಿಸಿ, ತಂತಿಯ ತುದಿಯನ್ನು ಅದರ ಮೇಲೆ ಸರಿಸುತ್ತ ಹೋದರೆ ಬಲ್ಬು ಮಂಕಾಗುವುದೂ ಬೆಳಗುವುದೂ ಕಾಣುತ್ತದೆ. ಓಮ್ ತನ್ನ ಎಂಟು ತಂತಿಗಳಲ್ಲಿ ಕಂಡದ್ದನ್ನು ಮಗು ಒಂದು ಪೆನ್ಸಿಲಿನಲ್ಲಿ ಕಾಣುತ್ತದೆ. ಬಳಿಕ ಎರಡನೆಯ ಬಲ್ಬನ್ನು ತರಬೇಕು. ಮೊದಲ ಬಲ್ಬಿನ ಹಿಂದೆ ಸರಣಿಯಲ್ಲಿ ಜೋಡಿಸಿದರೆ ಎರಡೂ ಮಂಕಾಗುತ್ತವೆ, ಅಮ್ಮೀಟರಿನ ಮುಳ್ಳು ಇಳಿಯುತ್ತದೆ. ಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿದರೆ ಮೊದಲಿನದು ಹೆಚ್ಚುಕಡಿಮೆ ಹಾಗೆಯೇ ಉರಿಯುತ್ತದೆ, ಸೆಲ್ಲಿನ ಬಳಿಯ ಮುಳ್ಳು ಸುಮಾರು ಎರಡರಷ್ಟಕ್ಕೆ ಏರುತ್ತದೆ. ಸೆಲ್ಲು ಯಾವಾಗಲೂ ಒಂದೇ ಪ್ರಮಾಣದ ಕರೆಂಟು ಕೊಡುತ್ತದೆ, ಬಲ್ಬುಗಳು ಅದನ್ನು ಹಂಚಿಕೊಳ್ಳುತ್ತವೆ ಎಂಬ ಎರಡನೆಯ ತಪ್ಪು ಕಲ್ಪನೆ ಇಲ್ಲಿ ಕರಗುತ್ತದೆ. ಸೆಲ್ಲು ಕಾಯ್ದುಕೊಳ್ಳಲು ಯತ್ನಿಸುವುದು ವೋಲ್ಟೇಜನ್ನು. ಕರೆಂಟು ಎಷ್ಟೆಂಬುದನ್ನು ಇಡೀ ಮಂಡಲ ಸೇರಿ ನಿರ್ಧರಿಸುತ್ತದೆ. ನನ್ನ ಮಟ್ಟಿಗೆ ಈ ಒಂದು ವಾಕ್ಯ ಅರ್ಥವಾದ ಮಗು ಪಾಠದ ಮುಕ್ಕಾಲು ಪಾಲನ್ನು ಗೆದ್ದಂತೆ. ಗಣೇಶನ ಹಬ್ಬದ ಚಪ್ಪರಕ್ಕೆ ಕಟ್ಟುವ 'ಸೀರಿಯಲ್ ಸೆಟ್ಟು' ತನ್ನ ಹೆಸರನ್ನೇ ಸರಣಿ ಜೋಡಣೆಯಿಂದ ಪಡೆದದ್ದು ಎಂದು ಆಗ ಹೇಳಿದರೆ ಸಾಕು. ಹಳೆಯ ಸೆಟ್ಟುಗಳಲ್ಲಿ ಒಂದು ಬಲ್ಬು ಹೋದರೆ ಸಾಲೆಲ್ಲ ಏಕೆ ಆರುತ್ತಿತ್ತು ಎಂಬುದನ್ನು ಮಕ್ಕಳೇ ವಿವರಿಸುತ್ತಾರೆ.

ಇಷ್ಟಾದ ಮೇಲೆ V = IR ಬರೆಯಿರಿ. ಆಗ ಆ ಮೂರು ಅಕ್ಷರಗಳ ಹಿಂದೆ ಮಗು ಕಂಡ ಮೂರು ಸಂಗತಿಗಳಿರುತ್ತವೆ. ಶಿವನಸಮುದ್ರದ ಕಥೆಯನ್ನು ಹೇಳಲು ಇದೇ ಸಮಯ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸುವಾಗ ಮೂವತ್ತು ಸಾವಿರಕ್ಕೂ ಮೀರಿದ ವೋಲ್ಟೇಜು ಏಕೆ ಬೇಕಾಯಿತು? ಅಷ್ಟೇ ಸಾಮರ್ಥ್ಯವನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಕರೆಂಟು ಹತ್ತರಲ್ಲೊಂದು ಪಾಲು ಸಾಕು. ತಂತಿಯ ರೋಧದಲ್ಲಿ ಶಾಖವಾಗಿ ನಷ್ಟವಾಗುವುದು ಕರೆಂಟಿನ ವರ್ಗವನ್ನು ಅನುಸರಿಸುವುದರಿಂದ, ಆ ನಷ್ಟ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ವೋಲ್ಟೇಜೂ ಕರೆಂಟೂ ಒಂದೇ ಎಂದು ತಿಳಿದ ಮಗುವಿಗೆ ಈ ಜಾಣ್ಮೆ ಎಂದೂ ಅರ್ಥವಾಗದು.

ಸೂತ್ರವೊಂದೇ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಂಗ. ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದು, ಮುಂದೆ ತಂದೆಯ ಜಮೀನನ್ನು ನೋಡಿಕೊಳ್ಳುತ್ತಿದ್ದ ಯುವಕನೊಬ್ಬ ಒಂದು ಬೇಸಿಗೆಯಲ್ಲಿ ನನ್ನನ್ನು ಕಾಣಲು ಬಂದಿದ್ದ. ಅವನು ಬೇರೊಂದು ಶಾಲೆಯಲ್ಲಿ ಓದಿದವನು. ನಮ್ಮ ನೆರೆಯವರ ಸಂಬಂಧಿ. ತೋಟದ ಪಂಪ್‌ಸೆಟ್ಟಿನ ಫ್ಯೂಸು ಪದೇ ಪದೇ ಹೋಗುತ್ತಿತ್ತಂತೆ. ಆ ದಿನಗಳಲ್ಲಿ ಅಲ್ಲಿ ವೋಲ್ಟೇಜು ತೀರ ಕಡಿಮೆ. ಇವನು ಫ್ಯೂಸಿನ ಜಾಗಕ್ಕೆ ದಪ್ಪನೆಯ ಬೈಂಡಿಂಗ್ ವೈರ್ ಸುತ್ತಿ ಮೋಟಾರು ಓಡಿಸಿದ. ಮೂರನೆಯ ದಿನ ಮೋಟಾರಿನ ಸುರುಳಿ ಸುಟ್ಟುಹೋಯಿತು. ರಿವೈಂಡಿಂಗ್ ಮಾಡಿಸಿ ತರುವಷ್ಟರಲ್ಲಿ ಹತ್ತು ದಿನ ಕಳೆದು, ಎಳೆಯ ಬಾಳೆಗಿಡಗಳು ಒಣಗಿದವು. ಅವನು ನನ್ನನ್ನು ಕೇಳಿದ್ದು ಒಂದೇ ಮಾತು: 'ವೋಲ್ಟೇಜ್ ಕಮ್ಮಿ ಇದ್ರೆ ಓಮ್ ನಿಯಮದ ಪ್ರಕಾರ ಕರೆಂಟೂ ಕಮ್ಮಿ ಇರ್ಬೇಕಲ್ವಾ ಸಾರ್? ಕಮ್ಮಿ ಕರೆಂಟಿಗೆ ಫ್ಯೂಸ್ ಹೋಗ್ತಿದೆ ಅಂದ್ರೆ ಫ್ಯೂಸೇ ಸರಿ ಇಲ್ಲ ಅಂದ್ಕೊಂಡೆ.'

ನೋಡಿ, ಸೂತ್ರವನ್ನು ಅವನು ಮರೆತಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. 'ತಾಪ ಮೊದಲಾದ ಭೌತ ಸ್ಥಿತಿಗಳು ಬದಲಾಗದಿದ್ದಾಗ' ಎಂದು ಓಮ್ ನಿಯಮಕ್ಕೆ ಬಾಲದಂತೆ ಅಂಟಿಸಿದ ಮಾತನ್ನೂ ಒಪ್ಪಿಸಬಲ್ಲವನಾಗಿದ್ದ. ಓಡುತ್ತಿರುವ ಮೋಟಾರು ಬರಿಯ ರೋಧವಲ್ಲ ಎಂಬುದನ್ನು ಮಾತ್ರ ಅವನಿಗೆ ಯಾರೂ ತೋರಿಸಿರಲಿಲ್ಲ. ಮೋಟಾರು ತಿರುಗುವಾಗ ಆ ತಿರುಗುವಿಕೆಯೇ ಹೊರಗಿನ ವೋಲ್ಟೇಜಿಗೆ ಎದುರಾಗಿ ಒತ್ತುತ್ತಿರುತ್ತದೆ. ಹೊರಗಿನ ವೋಲ್ಟೇಜು ಕುಸಿದಾಗ, ನೀರೆತ್ತುವ ಹೊರೆ ಹಾಗೆಯೇ ಇದ್ದರೆ, ವೇಗ ತಗ್ಗುತ್ತದೆ, ಎದುರೊತ್ತು ಕುಗ್ಗುತ್ತದೆ, ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ. ಫ್ಯೂಸು ಸರಿಯಾಗಿಯೇ ಇತ್ತು. ಪ್ರಾಣ ಕೊಟ್ಟು ಮೋಟಾರನ್ನು ಉಳಿಸಲು ಯತ್ನಿಸುತ್ತಿತ್ತು. ಹೈಸ್ಕೂಲಿನಲ್ಲಿ ಮೋಟಾರಿನ ಸಿದ್ಧಾಂತವನ್ನೆಲ್ಲ ಕಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ನಿಯಮಕ್ಕೆ ಎಲ್ಲೆಯಿದೆ ಎಂಬುದನ್ನು ಕಣ್ಣಿಗೆ ಕಾಣಿಸಬಹುದು. ಎರಡು ಬಲ್ಬುಗಳನ್ನು ಸರಣಿಯಲ್ಲಿಟ್ಟಾಗ ಕರೆಂಟು ಸರಿಯಾಗಿ ಅರ್ಧವಾಗದೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ತಂತು ತಣ್ಣಗಾದಂತೆ ಅದರ ರೋಧ ಇಳಿಯುವುದೇ ಕಾರಣ. ಹೊಂದದ ಆ ಅಂಕಿಯನ್ನು 'ಪ್ರಾಯೋಗಿಕ ದೋಷ' ಎಂದು ತಳ್ಳಿಹಾಕದೆ ಅದರ ಬಗ್ಗೆ ಐದು ನಿಮಿಷ ಮಾತನಾಡಿದರೆ, 'ಇಲ್ಲಿ ನಿಯಮ ಅನ್ವಯಿಸುತ್ತದೆಯೇ?' ಎಂದು ಕೇಳುವ ಅಭ್ಯಾಸ ಮಕ್ಕಳಿಗೆ ಬರುತ್ತದೆ.

ಬಾಳೆಗಿಂತಲೂ ಮೋಟಾರಿಗಿಂತಲೂ ದೊಡ್ಡದು ಜೀವ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. ಒಣ ಚರ್ಮದ ರೋಧ ಒಂದು ಲಕ್ಷ ಓಮ್ ಇದ್ದರೆ ದೇಹದಲ್ಲಿ ಹರಿಯುವುದು ಎರಡು ಮಿಲಿಆಂಪಿಯರಿನ ಆಸುಪಾಸು. ಜುಮ್ಮೆಂದು ಕೈ ಹಿಂದಕ್ಕೆ ಬಂದೀತು. ಒದ್ದೆಯಾದಾಗ ಅದೇ ದೇಹದ ರೋಧ ಸಾವಿರ ಓಮಿನವರೆಗೂ ಇಳಿಯಬಹುದು. ಆಗ ಹರಿಯುವುದು 230 ಮಿಲಿಆಂಪಿಯರ್. ಜೀವರಕ್ಷಣೆಗೆಂದು ಮನೆಗಳಲ್ಲಿ ಹಾಕಿಸುವ ಸೋರಿಕೆ ತಡೆಯುವ ಸ್ವಿಚ್ಚು ಕೇವಲ 30 ಮಿಲಿಆಂಪಿಯರಿಗೆ ಸರಬರಾಜನ್ನು ಕಡಿದುಹಾಕುತ್ತದೆ ಎಂಬುದನ್ನು ನೆನೆದರೆ ಈ ಅಂಕಿಯ ಭೀಕರತೆ ತಿಳಿದೀತು. ವೋಲ್ಟೇಜು ಬದಲಾಗಲಿಲ್ಲ, ಬದಲಾದದ್ದು ರೋಧ. 'ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬೇಡ' ಎಂಬ ಅಜ್ಜಿಯ ಮಾತಿನೊಳಗೆ ಓಮ್ ನಿಯಮವಿದೆ. ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿಯನ್ನು ವಿದ್ಯುತ್ ವೈರಿನ ಸಮೀಪ ಕಟ್ಟಬಾರದೇಕೆ, ಮಿಕ್ಸಿಗೆ ಮೂರು ಕಡ್ಡಿಯ ಪ್ಲಗ್ಗು ಏಕೆ ಎಂಬುದನ್ನೆಲ್ಲ ಈ ಮೂರು ಪದಗಳಲ್ಲಿ ತಿಳಿದ ಮಗು ಮನೆಮಂದಿಗೂ ತಿಳಿಸುತ್ತದೆ.

ಇದಕ್ಕೆಲ್ಲ ಸಮಯವೆಲ್ಲಿ, ಪಾಠಗಳು ಮುಗಿಯಬೇಕಲ್ಲ ಎಂದು ಸೇವೆಯಲ್ಲಿರುವ ಸ್ನೇಹಿತರು ಕೇಳುತ್ತಾರೆ. ಆ ಮಾತನ್ನು ಹಗುರವಾಗಿ ಕಾಣಲಾರೆ. ಮಾರ್ಚಿ ಹತ್ತಿರವಾದಂತೆ ಅಧ್ಯಾಪಕರ ಮೇಲಿರುವ ಒತ್ತಡ ನನಗೆ ಗೊತ್ತು. ಆದರೂ ನನ್ನ ಲೆಕ್ಕ ಹೀಗಿದೆ. ಮೊದಲ ಮೂರು ಪಿರಿಯಡ್ಡುಗಳನ್ನು ಸೆಲ್ಲು ಬಲ್ಬುಗಳಿಗೆ ಕೊಟ್ಟರೆ, ಸರಣಿ ಸಮಾಂತರಗಳ ಲೆಕ್ಕವನ್ನು ಮತ್ತೆ ಮತ್ತೆ ಹೇಳಿಕೊಡುವ ಐದಾರು ಪಿರಿಯಡ್ಡುಗಳು ಉಳಿಯುತ್ತವೆ. ಉಪಕರಣಗಳಿಲ್ಲ ಎನ್ನುವವರಿಗೆ ಒಂದು ಮಾತು: ನಾಲ್ಕು ಮಕ್ಕಳಿಗೆ ಒಂದು ಜೊತೆ ಸೆಲ್ಲು, ಎರಡು ಬಲ್ಬು, ಒಂದು ಮಾರು ತಂತಿ ಸಾಕು, ಅಮ್ಮೀಟರ್ ತರಗತಿಗೆ ಎರಡಿದ್ದರೂ ನಡೆಯುತ್ತದೆ. ಈಗಿನ ಟಾರ್ಚುಗಳಲ್ಲಿ ಎಲ್‌ಇಡಿ ಬಂದಿರುವುದರಿಂದ ಎರಡೂವರೆ ವೋಲ್ಟಿನ ತಂತುವಿನ ಬಲ್ಬನ್ನು ಹುಡುಕಿ ಕೊಳ್ಳಬೇಕಾದೀತು. ಅದರ ಬದಲಿಗೆ ಎಲ್‌ಇಡಿ ಬಳಸಿದರೆ ಮೊದಲ ಪಾಠವೇ ಗೋಜಲಾಗುತ್ತದೆ. ಅದು ಒಂದೇ ದಿಕ್ಕಿನಲ್ಲಿ ಉರಿಯುತ್ತದೆ, ಬಿಳಿ ಬೆಳಕಿನದಾದರೆ ಒಂದೂವರೆ ವೋಲ್ಟಿಗೆ ಕಣ್ಣೇ ತೆರೆಯುವುದಿಲ್ಲ, ಓಮ್ ನಿಯಮಕ್ಕಂತೂ ಒಗ್ಗುವುದಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮಂಡಲ ಜೋಡಿಸುವ ಆಟಗಳು ಈಗ ಬಂದಿವೆ, ಒಳ್ಳೆಯವೂ ಇವೆ. ಕೈಯಲ್ಲಿ ಸೆಲ್ಲು ಬೆಚ್ಚಗಾದುದನ್ನು ಒಮ್ಮೆ ಅನುಭವಿಸಿದ ಮೇಲೆ ಅವುಗಳಿಂದ ಲಾಭವಿದೆ. ಮೊದಲಿಗೇ ಅವನ್ನು ಕೊಟ್ಟರೆ ಅದೂ ಒಂದು ಚಿತ್ರವಷ್ಟೇ ಆಗಿ ಉಳಿಯುತ್ತದೆ.

ಪರೀಕ್ಷೆಯ ಬಗ್ಗೆಯೂ ನನ್ನದೊಂದು ಸಲಹೆ ಇದೆ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದನ್ನು ಮಾತ್ರ ಮಕ್ಕಳು ಓದುತ್ತಾರೆ, ನಾವೂ ಕಲಿಸುತ್ತೇವೆ, ಇದು ಲೋಕರೂಢಿ. ಆದುದರಿಂದ ಈ ಅಧ್ಯಾಯದಿಂದ ಪ್ರತಿವರ್ಷ ಒಂದಾದರೂ ಅಂಕಿಗಳಿಲ್ಲದ ಪ್ರಶ್ನೆ ಇರಲಿ. 'ಒಂದೇ ಬಗೆಯ ಎರಡು ಬಲ್ಬುಗಳು ಸರಣಿಯಲ್ಲಿವೆ. ಸೆಲ್ಲಿನ ಧನ ತುದಿಗೆ ಹತ್ತಿರವಿರುವುದು ಹೆಚ್ಚು ಬೆಳಗುವುದೇ? ಕಾರಣ ಕೊಡಿ.' 'ಬಲ್ಬನ್ನು ಬಿಚ್ಚಿ ತೆಗೆದ ಹೋಲ್ಡರಿನಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು?' ಸೂತ್ರಕ್ಕೆ ಬೆಲೆ ತುಂಬಿ ಎರಡು ಅಂಕ ಪಡೆಯುವ ಜಾಣನನ್ನೂ, ನಿಜವಾಗಿ ತಿಳಿದವಳನ್ನೂ ಇಂತಹ ಪ್ರಶ್ನೆಗಳು ಬೇರ್ಪಡಿಸಿ ತೋರಿಸುತ್ತವೆ. ಮೌಲ್ಯಮಾಪಕರಿಗೆ ಉತ್ತರ ತಿದ್ದುವುದು ಸ್ವಲ್ಪ ಕಷ್ಟವಾದೀತು. ಆ ಕಷ್ಟ ಪಡತಕ್ಕದ್ದೇ.

ತಂದೆ ತಾಯಂದಿರಲ್ಲಿಯೂ ಒಂದು ವಿನಂತಿ. ಮಗುವಿನ ಹುಟ್ಟುಹಬ್ಬಕ್ಕೆ ದುಬಾರಿ ಆಟಿಕೆ ತರುವ ಜೊತೆಯಲ್ಲಿ ಎರಡು ಸೆಲ್ಲು, ಎರಡು ಬಲ್ಬು, ಒಂದಿಷ್ಟು ತಂತಿ ತಂದುಕೊಡಿ. ಸೆಲ್ಲಿನ ಎರಡು ತುದಿಗಳನ್ನು ಬರಿಯ ತಂತಿಯಿಂದ ನೇರವಾಗಿ ಸೇರಿಸಿದರೆ ಅದು ಬಿಸಿಯಾಗುತ್ತದೆ ಎಂದು ಎಚ್ಚರಿಸಿ. ಮೊಬೈಲಿನ ಬ್ಯಾಟರಿಯನ್ನು ಬಿಚ್ಚಲು ಬಿಡಬೇಡಿ. ಗೋಡೆಯ ಪ್ಲಗ್ಗಿನ ಮೇಲೆ ಯಾವ ಪ್ರಯೋಗವೂ ಕೂಡದು; ಇದರಲ್ಲಿ ರಿಯಾಯಿತಿ ಇಲ್ಲ. ಆಮೇಲೆ ಮಗು ತಾನಾಗಿ ಏನು ಮಾಡುತ್ತದೆಂದು ದೂರದಿಂದ ನೋಡಿ.

ವೋಲ್ಟು, ಆಂಪಿಯರ್, ಓಮ್ ಎಂಬ ಮಾನಗಳನ್ನು 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮಾವೇಶ ಅಂಗೀಕರಿಸಿತು. ಇಟಲಿ, ಫ್ರಾನ್ಸ್, ಜರ್ಮನಿಗಳ ಮೂವರು ಹೀಗೆ ಒಂದೇ ಸಮೀಕರಣದಲ್ಲಿ ಅಕ್ಕಪಕ್ಕ ಕುಳಿತಿದ್ದಾರೆ. ಅವರಲ್ಲೊಬ್ಬ ಶಾಲಾ ಮೇಷ್ಟ್ರು. ಈ ವರ್ಷ ವಿದ್ಯುತ್ತಿನ ಅಧ್ಯಾಯವನ್ನು ತೆಗೆಯಲಿರುವ ಕಿರಿಯ ಅಧ್ಯಾಪಕ ಮಿತ್ರರು ಸೀಮೆಸುಣ್ಣದ ಡಬ್ಬಿಯ ಜೊತೆಗೆ ಸೆಲ್ಲು ಬಲ್ಬುಗಳ ಒಂದು ಪೆಟ್ಟಿಗೆಯನ್ನೂ ಒಯ್ಯಲಿ ಎಂಬುದು ನನ್ನ ಆಶಯ. ಒಯ್ದವರು ತಮ್ಮ ತರಗತಿಯಲ್ಲಿ ಅಮ್ಮೀಟರಿನ ಪ್ರಶ್ನೆಗೆ ಎಷ್ಟು ಕೈಗಳು ಯಾವ ಕಡೆಗೆ ಎದ್ದವೆಂದು ನನಗೆ ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.